ಆರು ಗಂಟೆಯ ಮಾತು

ಆ ವರ್ಷವಿಡೀ ನನ್ನನ್ನು ಕಾಡಿದ ಚಿಂತೆ ಯಾರ ಮುಂದೆಯೂ ಹೇಳಿಕೊಳ್ಳುವಂಥದ್ದಲ್ಲ. ದಿನಾ ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು, ಬಕೆಟ್ಟಿನೊಳಕ್ಕೆ ಬಗ್ಗಿ, ಮೆಲ್ಲಗೆ "ಆ" ಎಂದು ನೋಡಿಕೊಳ್ಳುತ್ತಿದ್ದೆ. ಬಕೆಟ್ಟಿನಿಂದ ತಿರುಗಿ ಬರುತ್ತಿದ್ದದ್ದು ಅದೇ ಶೇಷಗಿರಿ ಮಾಸ್ತರ ಮೂಗುದನಿ. ಊರಿಗೆಲ್ಲ ಇಳಿದಿದ್ದ ಶಾರ್ವರಿಯ ದನಿ ನನಗೊಬ್ಬಳಿಗೆ ಇಳಿದಿರಲಿಲ್ಲ. "ಇಳಿಯದಿದ್ದರೇ ಒಳ್ಳೆಯದು, ನನಗೇನು ಅದರ ಹಂಗು" ಎಂದು ಡೈರಿಯಲ್ಲಿ ಬರೆಯುತ್ತಿದ್ದೆ. ಮರುದಿನ ಮತ್ತೆ ಬಕೆಟ್ಟಿಗೆ ಬಗ್ಗುತ್ತಿದ್ದೆ.

ನಮ್ಮೂರಿನಲ್ಲಿ ಬೀದಿ ತಿರುಗುವಲ್ಲೆಲ್ಲ ಒಂದು ಕಂಬ, ಕಂಬದ ತುದಿಗೊಂದು ಮೈಕು. ಸಂಜೆ ಆರಕ್ಕೆ ಸರಿಯಾಗಿ ಅದರಿಂದ ಊರ ಮಾತು ಬರುತ್ತದೆ. ಆ ಮಾತನ್ನು ಯಾರು ಆಡುತ್ತಾರೋ ಅವರ ದನಿಯೇ ಕೇಳಿದವರ ಗಂಟಲಿಗೂ ಇಳಿಯುತ್ತದೆ. ಮಕ್ಕಳಿಗೆ ಹದಿನೈದು ದಿನ ಸಾಕು, ದೊಡ್ಡವರಿಗೆ ತಿಂಗಳು ಬೇಕು. ನಾನು ಹುಟ್ಟುವುದಕ್ಕೆ ಮುಂಚಿನಿಂದ ಹಿಡಿದು ಕಾಲೇಜು ಮುಗಿಸುವ ತನಕ ಆ ಕುರ್ಚಿಯಲ್ಲಿ ಕೂತವರು ಶೇಷಗಿರಿ ಮಾಸ್ತರು. ಸದಾ ನೆಗಡಿಯ ಮನುಷ್ಯ. ನಾಳೆ ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ, ಯಾರ ಮೇಕೆ ತಪ್ಪಿಸಿಕೊಂಡಿದೆ, ಯಾರು ತೀರಿಕೊಂಡರು, ಮಕ್ಕಳಿಗೆ ಪೋಲಿಯೋ ಹನಿ ಯಾವತ್ತು, ಇಷ್ಟೇ ಅವರ ಮಾತು. ನಡುವೆ ಎರಡು ಸಲ ಕೆಮ್ಮು. ಆಗ ಇಡೀ ಊರು ಮೂಗಿನಲ್ಲೇ ಮಾತಾಡುತ್ತಿತ್ತು. ಹೊಸ ಮದುಮಗಳು ಗಂಡನನ್ನು ಮೊದಲ ಸಲ "ರೀ" ಎಂದು ಕರೆಯುತ್ತಿದ್ದದ್ದು ಎಪ್ಪತ್ತರ ಮುದುಕನ ದನಿಯಲ್ಲಿ. ಯಾರೂ ನಗುತ್ತಿರಲಿಲ್ಲ, ನಗುವುದೂ ಅದೇ ದನಿಯಲ್ಲೇ ಆಗಬೇಕಿತ್ತಲ್ಲ. ಎಲ್ಲರ ದನಿಯೂ ಒಂದೇ ಆದ್ದರಿಂದ ಮನೆಯ ಹೊರಗೆ ಮಾತಿಗೆ ಮುಂಚೆ ಹೆಸರು ಹೇಳಿಕೊಳ್ಳುವುದು ನಮ್ಮಲ್ಲಿ ರೂಢಿ. "ನಾನು ಪದ್ದಕ್ಕ, ಸೊಪ್ಪು ಬಂದೈತೆ ನೋಡ್ರೀ" ಎಂದೇ ಸೊಪ್ಪಿನವಳು ಕೂಗಬೇಕು. ಬಾಗಿಲು ತಟ್ಟಿ ಬರೀ "ನಾನು" ಎಂದವರಿಗೆ ಯಾರೂ ಬಾಗಿಲು ತೆಗೆಯುವುದಿಲ್ಲ.

ಮಾಸ್ತರು ತೀರಿಕೊಂಡ ಮೇಲೆ ಆ ಕುರ್ಚಿಗೆ ಬಂದವಳು ಶಾರ್ವರಿ. ನನ್ನ ದೊಡ್ಡಮ್ಮನ ಮಗಳು. ನನಗಿಂತ ಮೂರೇ ತಿಂಗಳಿಗೆ ದೊಡ್ಡವಳು, ಆದರೂ ಅಕ್ಕ ಎನ್ನಬೇಕು. ಬೇರೆ ಊರಿನಲ್ಲಿ ಬೆಳೆದು ಬಂದವಳಾದ್ದರಿಂದ ಅವಳ ದನಿ ಅವಳದೇ. ಕಂಚಿನ ತಟ್ಟೆಯನ್ನು ಬೆರಳಿನಿಂದ ಮೀಟಿದ ಹಾಗಿತ್ತು. ಒಂದು ತಿಂಗಳು ಕಳೆಯುವುದರೊಳಗೆ ಊರಿನ ನೆಗಡಿ ಬಿಟ್ಟುಹೋಯಿತು. ಹಾಲಿನವನು "ಹಾಲೂ" ಎಂದರೆ ಕಿಟಕಿಗಳು ತಾವಾಗಿ ತೆರೆದುಕೊಳ್ಳುತ್ತಿದ್ದವು. ಹೆಂಗಸರು ಕಾರಣವಿಲ್ಲದೆ ಗಂಡಂದಿರನ್ನು ಕರೆದು ಕರೆದು ಸುಮ್ಮನಾಗುತ್ತಿದ್ದರು. ನಲ್ಲಿಯ ಹತ್ತಿರ ಜಗಳವೂ ಕೇಳಲು ಚೆನ್ನಾಗಿರುತ್ತಿತ್ತು.

ನನಗೆ ಮಾತ್ರ ಅದು ತಗಲಲಿಲ್ಲ. ದನಿ ಇಳಿಯುವುದು ಮೈಕಿನಿಂದ, ಎದುರು ಕೂತು ಕೇಳಿದರೆ ಇಳಿಯುವುದಿಲ್ಲ. ದಿನಾ ಆರಕ್ಕೆ ನಾನು ಗೋಡೆಗೆ ಗೋಣಿತಟ್ಟು ಹೊಡೆದ ಮೈಕಿನ ಸಣ್ಣ ಕೋಣೆಯಲ್ಲಿ ಅವಳ ಎದುರು ಕೂತಿರುತ್ತಿದ್ದೆ. ಅವಳು ಓದುತ್ತಿದ್ದ ಹಾಳೆಗಳನ್ನು ಬರೆಯುತ್ತಿದ್ದವಳು ನಾನು. ಡಿಗ್ರಿ ಮುಗಿಸಿ ಕೂತಿದ್ದೆ, ಬರೆಯುವ ಚಟವಿತ್ತು. ಶಾರ್ವರಿಗೆ ಮಾತಾಡುವುದು ಗೊತ್ತಿತ್ತು, ಏನು ಮಾತಾಡಬೇಕೆಂದು ಗೊತ್ತಿರಲಿಲ್ಲ. ಹೀಗಾಗಿ ಇಪ್ಪತ್ಮೂರರ ನಾನು ಊರಿನಲ್ಲಿ ಮಾಸ್ತರ ನೆಗಡಿ ದನಿ ಉಳಿಸಿಕೊಂಡಿದ್ದ ಕೊನೆಯವಳಾದೆ. ಅಂಗಡಿಯಲ್ಲಿ ಬೇಕಾದ್ದನ್ನು ಬೆರಳಿನಿಂದ ತೋರಿಸಿ ತರುತ್ತಿದ್ದೆ. ಮನೆಯಲ್ಲೂ ಹೂಂ, ಊಹೂಂ ಅಷ್ಟೇ.

"ಅಂಬೂ, ಊಟಕ್ಕೆ ಬಾರೇ, ಅನ್ನ ಆರೋಗ್ತೈತೆ!" ಎಂದು ಅಮ್ಮ ಒಳಗಿನಿಂದ ಕರೆದರೆ ಅದೂ ಶಾರ್ವರಿಯ ದನಿಯೇ. ಹೊಟ್ಟೆಗೆ ಅನ್ನ ಇಳಿಯುತ್ತಿರಲಿಲ್ಲ. ಅವಳಿಗೆ ಊರೆಲ್ಲ ಸಿಕ್ಕಿತು, ನನ್ನ ಅಮ್ಮನ ಬಾಯನ್ನಾದರೂ ಬಿಡಬಾರದಿತ್ತೇ?

ದೊಡ್ಡಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು: "ನಮ್ಮ ಅಂಬುಜಾಂದು ಅಕ್ಷರ ದುಂಡಗಿದಾವೆ. ಶಾರ್ವರಿ ಹೇಳಿದ್ದನ್ನ ಚೆಂದಾಗಿ ಪ್ರತಿ ಮಾಡಿ ಕೊಡ್ತಾಳೆ." ಪ್ರತಿ! ಶಾರ್ವರಿ ಆಗ ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದಳೇ ಹೊರತು ಅಲ್ಲವೆನ್ನುತ್ತಿರಲಿಲ್ಲ. ಅವಳು ಕೆಟ್ಟವಳಲ್ಲ. ಯಾರೋ ಅಭಿಮಾನಿ ಒಂದು ಡಜನ್ ಬಳೆ ಕೊಟ್ಟರೆ ಆರು ನನ್ನ ಕೈಗೆ ತೊಡಿಸುತ್ತಿದ್ದಳು. ಆ ಬಳೆಗಳ ಸದ್ದು ಕೇಳಿದರೂ ನನಗೆ ಮೈ ಉರಿಯುತ್ತಿತ್ತು.

ಮೊದಮೊದಲು ನಾನೂ ಮಾಸ್ತರ ಹಾಗೆ ನೀರು, ಮೇಕೆ, ಸಾವು ಎಂದೇ ಬರೆದೆ. ಒಂದು ದಿನ ಸುಮ್ಮನೆ "ನೀರಿನ ಟ್ಯಾಂಕಿನ ಬೀಗದ ಕೈ ಯಾರ ಸೊಂಟದಲ್ಲಿದೆ?" ಎಂಬ ಒಂದು ಸಾಲು ಸೇರಿಸಿದೆ. ಕಿಟಕಿಯಿಂದ ನೋಡುತ್ತೇನೆ, ಪದ್ದಕ್ಕ ತಕ್ಕಡಿ ಹಿಡಿದವಳು ಹಿಡಿದಂತೆಯೇ ನಿಂತಿದ್ದಾಳೆ. ಸೈಕಲ್ಲಿನಲ್ಲಿ ಹೋಗುತ್ತಿದ್ದವರು ಒಂದು ಕಾಲು ಊರಿ ನಿಂತಿದ್ದಾರೆ. ಅಂದು ಮನೆಗೆ ಹೋಗುವಾಗ ನನ್ನ ಆ ಸಾಲನ್ನು ನಲವತ್ತು ಬಾಯಲ್ಲಿ ಕೇಳಿದೆ. ನಲವತ್ತೂ ಶಾರ್ವರಿಯ ದನಿ. "ಏನು ಮಾತಾಡ್ತಾಳಪ್ಪ ಶಾರ್ವರಿ!" ಎನ್ನುತ್ತಿದ್ದರು. ಒಳಗೆ ಜೇನು ಸುರಿದ ಹಾಗಾಯಿತು, ಅದರ ಹಿಂದೆಯೇ ಚೇಳು ಕುಟುಕಿದ ಹಾಗೂ ಆಯಿತು.

ಆಮೇಲೆ ನನಗೆ ಗುಟ್ಟು ತಿಳಿಯಿತು. ಉತ್ತರ ಕೊಟ್ಟರೆ ಜನ ಮನೆಗೆ ಹೋಗುತ್ತಾರೆ, ಪ್ರಶ್ನೆ ಬಿಟ್ಟರೆ ಕಂಬದ ಕೆಳಗೇ ನಿಲ್ಲುತ್ತಾರೆ. ಯಾರ ಹೆಸರನ್ನೂ ಹೇಳಬಾರದು, ಯಾರೆಂದು ಎಲ್ಲರಿಗೂ ಗೊತ್ತಾಗಬೇಕು. ಹಾಗೆ ವರ್ಷವಿಡೀ ಬರೆದೆ. ಒಮ್ಮೆ ಶಾರ್ವರಿಯೇ ಹಾಳೆ ಹಿಡಿದು ಅನುಮಾನಿಸಿದಳು. "ಅಂಬೂ, ಇದು ಸ್ವಲ್ಪ ಜಾಸ್ತಿ ಆಗಲ್ವೇನೇ?" ಎಂದಳು. ನಾನು ಪೆನ್ನು ತೆಗೆದುಕೊಂಡು ಕೊನೆಯಲ್ಲಿ ಒಂದು ಸಾಲು ಬರೆದುಕೊಟ್ಟೆ: "ನಾನು ಕೇಳ್ತಿದ್ದೀನಿ ಅಷ್ಟೇ." ಅವಳಿಗೆ ಸಮಾಧಾನವಾಯಿತು. ಅಂದಿನಿಂದ ಅದೇ ಅವಳ ಮುದ್ರೆಯಾಯಿತು. ಸಾಲ ಕೇಳುವವನೂ "ನಾನು ಕೇಳ್ತಿದ್ದೀನಿ ಅಷ್ಟೇ" ಎನ್ನತೊಡಗಿದ, ಹೆಣ್ಣು ಕೇಳಲು ಹೋದವರೂ ಹಾಗೆಯೇ.

ಸೈಕಲ್ ಶಾಪಿನ ತಿಪ್ಪೇಶ "ಒಂದೇ ಕೊರಳು ಸಂಘ" ಎಂದು ಕಟ್ಟಿದ್ದೂ ಆಗಲೇ. ಹೆಗಲ ಮೇಲೆ ಹಳದಿ ಟವೆಲ್ಲು, ಕೈಯಲ್ಲಿ ಕರಪತ್ರ. ಕರಪತ್ರದ ತುಂಬ ನನ್ನ ಸಾಲುಗಳು, ಪ್ರಶ್ನೆಯ ಗುರುತು ಇದ್ದಲ್ಲೆಲ್ಲ ಅವನು ಆಶ್ಚರ್ಯದ ಗುರುತು ಹಾಕಿದ್ದ. ಯಾರೋ ಶಾರ್ವರಿಯನ್ನು ಕೇಳಿದರು, ಇವರೆಲ್ಲ ನಿಮ್ಮವರಾ ಎಂದು. "ಅಯ್ಯೋ, ನನ್ನವರಲ್ಲಪ್ಪ. ನನ್ನ ಹಾಗೆ ಮಾತಾಡ್ತಾರೆ ಅಷ್ಟೇ. ಊರೆಲ್ಲಾನೂ ಹಾಗೇ ಮಾತಾಡುತ್ತಲ್ಲ" ಎಂದು ನಕ್ಕಳು. ನಾನು ಆ ಕರಪತ್ರವನ್ನು ಡೈರಿಗೆ ಅಂಟಿಸಿಕೊಂಡೆ. ನಾನು ಬರೆದದ್ದು ಅಚ್ಚಾಗಿದ್ದು ಅದೇ ಮೊದಲು.

ಈ ದನಿ ಇಳಿಯದ ಕೇರಿ ಊರಿನಲ್ಲಿ ಒಂದೇ ಇತ್ತು. ಮಗ್ಗದ ಕೇರಿ. ಅಲ್ಲಿ ಸಂಜೆ ಕರೆಂಟಿನ ಮಗ್ಗಗಳು ಒಟ್ಟಿಗೆ ಓಡುತ್ತವೆ. ಮೈಕಲ್ಲ, ಗುಡುಗಿದರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿಯವರಿಗೆ ಒಬ್ಬೊಬ್ಬರಿಗೆ ಒಂದೊಂದು ದನಿ, ಮಾಸ್ತರ ಕಾಲದಲ್ಲೂ ಹಾಗೆಯೇ. ಆಗ ಯಾರಿಗೂ ಅದೊಂದು ವಿಷಯ ಎನಿಸಿರಲಿಲ್ಲ, ಮಾಸ್ತರು ಅದರ ಬಗ್ಗೆ ಒಂದು ದಿನವೂ ಬಾಯಿಬಿಟ್ಟಿರಲಿಲ್ಲವಾದ್ದರಿಂದ.

ಆ ಕೇರಿಯ ಕೊಟ್ರೇಶ ಕಾಲೇಜಿನಲ್ಲಿ ನನ್ನ ಜೊತೆ ಓದಿದವನು. ಲೈಬ್ರರಿಯಲ್ಲಿ ಎದುರುಬದುರು ಕೂರುತ್ತಿದ್ದೆವು. ಶಾರ್ವರಿ ಬಂದ ಮೇಲೆ ನನ್ನ ದನಿಗೆ ನಗದವನು ಅವನೊಬ್ಬನೇ. ಒಬ್ಬೊಬ್ಬರದು ಒಂದೊಂದು ದನಿ ಇರುವ ಕೇರಿಯವನಿಗೆ ನನ್ನದೂ ಒಂದು ದನಿ, ಅಷ್ಟೇ. ಅವನ ಬಗ್ಗೆ ಡೈರಿಯಲ್ಲಿ ಎಷ್ಟು ಪುಟ ಬರೆದಿದ್ದೇನೆಂದು ಇಲ್ಲಿ ಹೇಳಲಾರೆ.

ಒಂದು ಮಧ್ಯಾಹ್ನ ಅವನೇ ಕೋಣೆಗೆ ಬಂದ. ಶಾರ್ವರಿ ಇನ್ನೂ ಬಂದಿರಲಿಲ್ಲ.

"ಅಂಬುಜಾ, ಭಾಳ ದಿನ ಆತಲ್ಲ ನಿಮ್ಮ ದನಿ ಕೇಳಿ" ಎಂದ. ನಾನು ಬೆರಳಿನಿಂದ ಕುರ್ಚಿ ತೋರಿಸಿದೆ. ಅವನು ಜೇಬಿನಿಂದ ಒಂದು ಪತ್ರ ತೆಗೆದು ನನ್ನ ಕೈಗೆ ಕೊಟ್ಟ. "ಕೇರಿಯವ್ರೆಲ್ಲ ಸಹಿ ಮಾಡೀವಿ. ಶಾರ್ವರಿಯವ್ರಿಗೆ ಮೈಕಿನ್ಯಾಗ ಓದಾಕ ಹೇಳ್ರಿ. ಊರ ಮಾತು ನಾವು ಬೇಕಂತನ ಕೇಳಂಗಿಲ್ಲ ಅಂತ ಈಗೀಗ ಜನ ತಪ್ಪು ತಿಳ್ಕೊಳ್ಳಾಕ ಹತ್ಯಾರ."

ನಿಂತಲ್ಲೇ ಓದಿದೆ. ನಾಲ್ಕೇ ಸಾಲು. ನಮ್ಮ ಕೇರಿಗೆ ಕರೆಂಟು ಕೊಡುವುದು ಸಂಜೆ ಐದರಿಂದ ಒಂಬತ್ತು. ನಿಮ್ಮ ಮಾತು ಆರಕ್ಕೆ. ಮಗ್ಗ ನಿಲ್ಲಿಸಿದರೆ ನಮ್ಮ ಒಲೆ ನಿಲ್ಲುತ್ತದೆ. ಅದೇ ಮಾತನ್ನು ಬೆಳಿಗ್ಗೆ ಇನ್ನೊಮ್ಮೆ ಓದಿಸಿದರೆ ನಾವೂ ಕೇಳುತ್ತೇವೆ.

"ಓದಿಸ್ತೀನಿ" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಶಾರ್ವರಿ ಬಂದಳು. "ಯಾರೇ ಇವರು? ಪರಿಚಯ ಮಾಡಿಸೋದಿಲ್ವಾ?" ಎಂದಳು, ಅಷ್ಟೇ. ಊರವರ ಬಾಯಲ್ಲಿ ಕೇಳಿದ್ದ ಆ ದನಿಯನ್ನು ಕೊಟ್ರೇಶ ಅವಳದೇ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನಿಂತಲ್ಲೇ ನಿಂತುಬಿಟ್ಟ.

"ರೇಷ್ಮೆ ಹಾಸಿನ ಮ್ಯಾಲೆ ಲಾಳಿ ಓಡಿದಂಗ ಐತ್ರಿ ನಿಮ್ಮ ದನಿ" ಎಂದ.

"ಹೌದಾ? ಹಾಗಾದ್ರೆ ಸ್ವಲ್ಪ ಮಗ್ಗ ನಿಲ್ಸಿ ಕೇಳಿ ಮಾರಾಯ್ರೆ" ಎಂದು ಶಾರ್ವರಿ ನಕ್ಕಳು. ಅವನೂ ನಕ್ಕ. ಇಬ್ಬರೂ ಸೀರೆಯ ಅಂಚಿನ ಬಗ್ಗೆ, ಅವಳು ಬೆಳೆದ ಊರಿನ ಬಗ್ಗೆ ಕಾಲು ಗಂಟೆ ಮಾತಾಡಿದರು. ಪತ್ರದ ಸುದ್ದಿಯನ್ನು ಅವನು ಎತ್ತಲೇ ಇಲ್ಲ, ನಾನು ಕೊಡುತ್ತೇನೆಂಬ ಭರವಸೆ ಇರಬೇಕು. ಹೋಗುವಾಗ ಅವಳಿಗೆ "ಬರ್ತೀನ್ರಿ" ಎಂದು ಹೇಳಿ ಹೋದ. ನನ್ನ ಕಡೆ ನೋಡಲಿಲ್ಲ.

ಪತ್ರವನ್ನು ಡೈರಿಯ ಹಾಳೆಗಳ ನಡುವೆ ಇಟ್ಟೆ. ಅರ್ಧ ಗಂಟೆ ಬೆರಳ ಉಗುರು ನೋಡುತ್ತಾ ಕೂತೆ. ಆಮೇಲೆ ಅಂದಿನ ಹಾಳೆ ತೆಗೆದುಕೊಂಡು ಬರೆದೆ: "ಸರಿಯಾಗಿ ಆರು ಗಂಟೆಗೇ ಮಗ್ಗ ಓಡಿಸುವವರಿಗೆ ಯಾವ ಮಾತು ಕೇಳಿಸಬಾರದಾಗಿದೆ? ಆ ಸದ್ದಿನ ಒಳಗೆ ಏನು ಬಚ್ಚಿಟ್ಟಿದ್ದಾರೆ? ಊರ ಮಾತು ಕೇಳದ ಕಿವಿ ಊರಿಗೆ ಯಾಕೆ ಬೇಕು? ನಾನು ಕೇಳ್ತಿದ್ದೀನಿ ಅಷ್ಟೇ." ಒಂದೇ ಏಟಿಗೆ ಬಂತು, ಒಂದು ಪದವನ್ನೂ ಹೊಡೆದು ಬರೆಯಲಿಲ್ಲ. ಅವನ ಕೇರಿಯವರೆಲ್ಲ ಶಾರ್ವರಿಯನ್ನು ಶಪಿಸಲಿ, ಅವಳ ದನಿ ಅವನಿಗೆ ಕರ್ಕಶವಾಗಲಿ, ಅಷ್ಟೇ ನನಗೆ ಬೇಕಿದ್ದದ್ದು. ಅವನ ಮಾತಿನ ಗುಂಗಿನಲ್ಲೇ ಇದ್ದ ಶಾರ್ವರಿ ಹಾಳೆಯನ್ನು ಮುಂಚೆ ನೋಡಿಕೊಳ್ಳದೆ ನೇರ ಮೈಕಿನ ಮುಂದೆ ಓದಿದಳು. ಓದುತ್ತ ಓದುತ್ತ ಅವಳ ಹುಬ್ಬು ಗಂಟಾಯಿತು. ಆದರೂ ದನಿ ಎಲ್ಲಿಯೂ ತಡವರಿಸಲಿಲ್ಲ.

"ಅವರ ಬಗ್ಗೆ ಯಾಕೇ ಹೀಗೆ ಬರೆದೆ? ಒಳ್ಳೆಯವರ ಹಾಗಿದ್ರಲ್ಲ" ಎಂದು ಆಮೇಲೆ ಕೇಳಿದಳು. ನಾನು ಮರುದಿನದ ಹಾಳೆಗೆ ಗೆರೆ ಹಾಕತೊಡಗಿದೆ. ಅವಳು ಮತ್ತೆ ಕೇಳಲಿಲ್ಲ. ಅಷ್ಟರಲ್ಲಿ ಕಿಟಕಿಯ ಕೆಳಗೆ ಜನ ಸೇರಿ ಚಪ್ಪಾಳೆ ತಟ್ಟುತ್ತಿದ್ದರು.

ಒಂಬತ್ತು ದಿನ ಆ ಸಾಲು ಊರಿನಲ್ಲಿ ತಿರುಗಿತು. ಹತ್ತನೆಯ ದಿನ, ಆರೂಕಾಲರ ಬಿಸಿಲಿನಲ್ಲೇ, ಮಗ್ಗದ ಕೇರಿ ಶುರುವಾಗುವಲ್ಲಿನ ಕಂಬದ ಕೆಳಗೆ ಜನ ಇನ್ನೂ ಚದುರದೆ ನಿಂತಿದ್ದರು. ಆಗ ಹಿಂದಿನಿಂದ ಒಂದು ದನಿ ಬಂತಂತೆ: "ನಿಲ್ಲಿಸಿ ಆ ಸದ್ದು! ನಡೀರಿ ಒಳಗೆ!" ಶಾರ್ವರಿಯ ದನಿ. ಹೆಸರು ಹೇಳಿಕೊಳ್ಳದೆ ಬಂದ ದನಿ. ನಮ್ಮೂರಿನ ಬೀದಿಗಳಲ್ಲಿ ಹೆಸರು ಹೇಳದೆ ಮಾತಾಡುವುದು ಮೈಕು ಒಂದೇ, ಹಾಗಾಗಿ ಎಲ್ಲರೂ ಅವಳೇ ಹೇಳಿದಳೆಂದುಕೊಂಡರು. ಮುಂದಿದ್ದವರು ಅದೇ ಮಾತನ್ನು ಕೂಗಿದರು, ಅದೂ ಅವಳೇ ಎಂದು ಹಿಂದಿದ್ದವರು ನುಗ್ಗಿದರು. ಪದ್ದಕ್ಕನೂ ನುಗ್ಗಿದಳು, ಕೈಯಲ್ಲಿ ತಕ್ಕಡಿ ಇತ್ತು. ಏಳು ಮಗ್ಗ ಮುರಿದವು. ತಮ್ಮ ಮಗ್ಗವನ್ನು ನಿಲ್ಲಿಸಲೆಂದು ಓಡಿದ ಕೊಟ್ರೇಶನನ್ನು ಯಾರೋ ನೂಕಿದರು. ಓಡುತ್ತಿದ್ದ ಯಂತ್ರಕ್ಕೆ ಕೈ ಸಿಕ್ಕಿತು. ಬಲಗೈಯ ಮೂರು ಬೆರಳು ಹೋದವು.

ನಾವಿಬ್ಬರೂ ಆಗ ಕೋಣೆಯಲ್ಲೇ ಇದ್ದೆವು. ನಾನು ಹಾಳೆಗಳನ್ನು ಜೋಡಿಸುತ್ತಿದ್ದೆ. ಆ ಹೊತ್ತಿನಲ್ಲಿ ದಿನವೂ ದೂರದಿಂದ ಬರುತ್ತಿದ್ದ ಮಗ್ಗಗಳ ಸದ್ದು ಇದ್ದಕ್ಕಿದ್ದಂತೆ ನಿಂತಿತು.

"ಅಬ್ಬ, ಎಷ್ಟು ತಣ್ಣಗಾಯ್ತು ಕಿವಿ" ಎಂದಳು ಶಾರ್ವರಿ.

ಅದಾದ ನಾಲ್ಕನೆಯ ದಿನ ಶಾಲೆಯ ಹಜಾರದಲ್ಲಿ ಊರ ಸಭೆ ಸೇರಿತು. ಅಧ್ಯಕ್ಷರು ಗುರುಬಸಯ್ಯನವರು. ಅಕ್ಷರ ದುಂಡಗಿದೆ ಎಂದು ಸಭೆಯ ನಡಾವಳಿ ಬರೆಯಲು ನನ್ನನ್ನೇ ಕೂರಿಸಿದರು. ಮಗ್ಗದ ಕೇರಿಯವರು ಎಡಗಡೆ, ಊರಿನವರು ಬಲಗಡೆ. ಕೊಟ್ರೇಶ ಮುಂದಿನ ಬೆಂಚಿನಲ್ಲಿ, ಕೈಗೆ ಬಿಳಿ ಬಟ್ಟೆ ಸುತ್ತಿಕೊಂಡು, ಅದನ್ನು ತೊಡೆಯ ಮೇಲೆ ಬೇರೆಯವರ ಮಗುವಿನ ಹಾಗೆ ಇಟ್ಟುಕೊಂಡು ಕೂತಿದ್ದ.

"ನಾನು ಪದ್ದಕ್ಕ. ಒಳಗೆ ನಡೀರಿ ಅಂತ ಶಾರ್ವರಮ್ಮನೇ ಅಂದ್ರು. ನನ್ನ ಕಿವಿಯಾರ ಕೇಳೀನಿ."

"ನಾನು ತಿಪ್ಪೇಶ. ನಂಗೂ ಹಂಗೇ ಕೇಳ್ತು. ನಾನೇನೂ ಅಂದಿಲ್ಲ."

"ನಾನು ಹಾಲಿನ ಮರಿಯಪ್ಪ. ಅವ್ರೇ. ಆ ದನಿ ಮರೆಯಾಕಾಗ್ತದಾ?"

ಹದಿನೆಂಟು ಮಂದಿ ಹೇಳಿದರು. ಹದಿನೆಂಟೂ ಒಂದೇ ದನಿ. ಯಾರೂ ಸುಳ್ಳು ಹೇಳುತ್ತಿದ್ದ ಹಾಗೆ ಕಾಣಲಿಲ್ಲ. ಪಕ್ಕದವನು ಕೂಗಿದ್ದನ್ನು, ತಾನೇ ಕೂಗಿದ್ದನ್ನು ಕೂಡ, ಅವಳು ಕೂಗಿದ್ದೆಂದೇ ಅವರು ನಂಬಿದ್ದರು. ಕೊನೆಗೆ ಗುರುಬಸಯ್ಯನವರು ಶಾರ್ವರಿಯ ದನಿಯಲ್ಲೇ ಶಾರ್ವರಿಯನ್ನು ಕೇಳಿದರು: "ನಾನು ಗುರುಬಸಯ್ಯ. ಏನಮ್ಮ, ನೀನು ಅಲ್ಲಿಗೆ ಹೋಗಿದ್ಯಾ?"

"ಇಲ್ಲ ಸ್ವಾಮಿ. ನಾನು ಕೋಣೇಲಿದ್ದೆ, ಅಂಬುಜಾನೂ ಇದ್ಲು. ಒಡೀರಿ ಅಂತ ನಾನು ಯಾವತ್ತೂ ಹೇಳಿಲ್ಲ. ಪ್ರಶ್ನೆ ಕೇಳಿದೀನಿ ಅಷ್ಟೇ. ಪ್ರಶ್ನೆ ಕೇಳೋದು ತಪ್ಪಾ? ಆ ದನಿ ನನ್ನ ಹಾಗಿತ್ತು ಅಂತೀರಿ, ನಿಮ್ಮದೂ ನನ್ನ ಹಾಗೇ ಇದೆಯಲ್ಲ!"

ಜನ ನಕ್ಕರು. ಗುರುಬಸಯ್ಯನವರೂ ನಕ್ಕರು. ಆದರೆ ಅವಳ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಎಡಗಡೆಯಿಂದ ಒಬ್ಬ ಮುದುಕಿ ಎದ್ದು ತನ್ನದೇ ಒಡಕು ದನಿಯಲ್ಲಿ, "ಬೆಂಕಿ ಕಡ್ಡಿ ಗೀರಿದಾಕಿ, ಹೊಗೆ ನಂದಲ್ಲ ಅಂತಾಳ!" ಎಂದು ಕೂಗಿದಳು. ಸಭೆಯಲ್ಲಿದ್ದವರೆಲ್ಲ ಶಾರ್ವರಿಯ ಮುಖ ನೋಡಿದರು. ಪ್ರೀತಿಯಿಂದ ಕೆಲವರು, ಸಿಟ್ಟಿನಿಂದ ಕೆಲವರು, ಆದರೆ ನೋಡಿದ್ದೆಲ್ಲ ಅವಳನ್ನೇ. ಹೇಳಲು ನಾಚಿಕೆಯಾಗುತ್ತದೆ, ಆಗಲೂ ನನಗೆ ಹೊಟ್ಟೆ ಉರಿಯಿತು. ಹೊಗಳಿಕೆಯೆಲ್ಲ ಅವಳಿಗೇ ಹೋಯಿತು, ಈಗ ಅಪರಾಧವೂ ಅವಳ ಹೆಸರಿಗೇ ಹೋಗಬೇಕೇ? ಅದಾದರೂ ನನ್ನದಲ್ಲವೇ?

ತಿಪ್ಪೇಶ ಎದ್ದ. "ನಾನು ತಿಪ್ಪೇಶ. ಯಾರು ಕೂಗಿದ್ರು ಅನ್ನೋದು ಬಿಡ್ರಿ. ಆರು ಗಂಟೆಗೇ ಯಾಕೆ ಮಗ್ಗ ಹಾಕ್ತಾರೆ? ಅದಕ್ಕೆ ಉತ್ತರ ಕೊಡ್ಲಿ. ಸದ್ದು ಇಲ್ದಿದ್ರೆ ಗಲಾಟೆಯೇ ಆಗ್ತಿರ್ಲಿಲ್ಲ. ಕೇರಿ ಎತ್ತಿ ಊರಾಚೆ ಹಾಕಿ."

"ಹಾಕಿ, ಹಾಕಿ" ಎಂದಿತು ಬಲಗಡೆ.

ಕೊಟ್ರೇಶ ಎದ್ದುನಿಂತ. "ಉತ್ತರ ಬರೆದು ಕೊಟ್ಟೇವ್ರಿ. ಪತ್ರ ಕೊಟ್ಟೇವಿ, ಗಲಾಟೆಗಿಂತ ಮೊದಲ."

"ಯಾವ ಪತ್ರ? ದೇವರಾಣೆ, ನನಗೆ ಯಾವ ಪತ್ರಾನೂ ಬಂದಿಲ್ಲ" ಎಂದಳು ಶಾರ್ವರಿ. ಅವಳು ಹೇಳಿದ್ದು ನಿಜ.

"ಯಾರ ಕೈಗೆ ಕೊಟ್ಟೆ?" ಎಂದರು ಗುರುಬಸಯ್ಯನವರು.

ಅವನು ನನ್ನನ್ನು ನೋಡಿದ. ಅಷ್ಟು ದಿನ ನಾನು ಬೇಡಿದ್ದ ನೋಟ ಅಂದು ಸಿಕ್ಕಿತು. ಅದರಲ್ಲಿ ಸಿಟ್ಟಿರಲಿಲ್ಲ, ದಾರಿ ಕಾಯುವವನ ನೋಟ ಅದು. ಅವನು ಹೆಸರು ಹೇಳಲಿಲ್ಲ. "ಕೊಟ್ಟೇವ್ರಿ" ಎಂದು ಇನ್ನೊಮ್ಮೆ ಹೇಳಿ ಕೂತುಬಿಟ್ಟ.

"ಕೊಟ್ಟವರಿಗೇ ಗೊತ್ತಿಲ್ಲದ ಪತ್ರ!" ಎಂದ ತಿಪ್ಪೇಶ. ಮತ್ತೆ ನಗು. ಗುರುಬಸಯ್ಯನವರು ನನ್ನ ಕಡೆ ತಿರುಗಿದರು. "ಬರ್ಕೋ ಅಂಬುಜಾ. ಮಗ್ಗದ ಕೇರಿಯವರು ಬೇಕೆಂದೇ ಊರ ಮಾತಿಗೆ ಅಡ್ಡಿ ಮಾಡಿದ್ದರಿಂದ, ಹದಿನೈದು ದಿನದೊಳಗೆ ಊರಾಚೆಯ ಬಯಲಿಗೆ..."

"ಮಗ್ಗದ ಕೇರಿಯವರು ಬೇಕೆಂದೇ" ಎಂದು ಬರೆದೆ. ನನ್ನ ದುಂಡು ಅಕ್ಷರದಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಪೆನ್ನು ಅಲ್ಲಿಗೆ ನಿಂತಿತು. ಎದ್ದು "ಆ ಸಾಲುಗಳೆಲ್ಲ ನನ್ನವು" ಎಂದು ಹೇಳುವುದನ್ನು ನಾನು ಒಂದು ವರ್ಷದಿಂದ ಮನಸ್ಸಿನಲ್ಲೇ ಆಡಿ ನೋಡಿಕೊಂಡಿದ್ದೆ. ಜನ ಬೆರಗಾಗುವುದನ್ನು, ದೊಡ್ಡಮ್ಮನ ಬಾಯಿ ಕಟ್ಟುವುದನ್ನು. ಈಗಲೂ ನಾಲಿಗೆಯ ತುದಿಗೆ ಬಂದದ್ದು ಅದೇ. ಆದರೆ ಅದೂ ಶಾರ್ವರಿಯಿಂದ ಕಿತ್ತುಕೊಳ್ಳುವ ಮಾತೇ ಎಂದು ನನಗೆ ಗೊತ್ತಾಯಿತು. ಕೊಟ್ರೇಶನ ಕೇರಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. ಸಾಲು ಯಾರದಾದರೂ ಹದಿನೈದು ದಿನಕ್ಕೆ ಅವರು ಬಯಲಿಗೆ ಹೋಗುತ್ತಿದ್ದರು.

ಡೈರಿ ಮಡಿಲಲ್ಲೇ ಇತ್ತು. ಪತ್ರ ತೆಗೆದು ಮೇಜಿನ ಮೇಲಿಟ್ಟು ಎದ್ದುನಿಂತೆ.

"ಪತ್ರ ನನ್ನ ಕೈಗೆ ಕೊಟ್ಟಿದ್ರು" ಎಂದೆ, ಮಾಸ್ತರ ಮೂಗುದನಿಯಲ್ಲೇ. "ಸಂಜೆ ಐದರಿಂದ ಒಂಬತ್ತು ಬಿಟ್ರೆ ಆ ಕೇರಿಗೆ ಕರೆಂಟೇ ಇಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಪ್ರಶ್ನೆ ಬರೆದೆ."